ಆದಿತ್ಯ ಸೋಲಾರ್ ದೋಣಿ: ಚಾವಣಿಯ ಪ್ಯಾನೆಲ್‌ಗಿಂತ ಒಡಲೇ ಮುಖ್ಯ

ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ ವೇಂಬನಾಡ್ ಹಿನ್ನೀರು ದಾಟಿಸುವ ‘ಆದಿತ್ಯ’ದ ಫೋಟೊಗಳನ್ನೆಲ್ಲ ಮೇಲಿನಿಂದಲೇ ತೆಗೆದಿರುತ್ತಾರೆ. 20 ಮೀಟರ್ ಉದ್ದ, 7 ಮೀಟರ್ ಅಗಲದ ಚಪ್ಪಟೆ ಚಾವಣಿ, ಅದರ ತುಂಬ 20 ಕಿಲೋವಾಟ್‌ನಷ್ಟು ಪ್ಯಾನೆಲ್. ನೋಡಲು ಚೆಂದವೇ. ಆದರೆ ಇಂಥದ್ದೊಂದನ್ನು ಕೊಳ್ಳಬೇಕು, ಓಡಿಸಬೇಕು ಎನ್ನುವವರು ಮೊದಲು ಬಗ್ಗಿ ನೀರಿನ ಮಟ್ಟ ನೋಡಬೇಕು. ಅಲ್ಲಿರುವ ಎರಡು ಸಪೂರ ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್) ಒಡಲುಗಳಿಂದಲೇ, ಅಂದರೆ ನೀರಿನಲ್ಲಿ ತೇಲುವ ಭಾಗಗಳಿಂದಲೇ, ಈ ದೋಣಿ ಬಿಸಿಲಲ್ಲಿ ಓಡುತ್ತಿದೆ. ಅದೇ ಪ್ಯಾನೆಲ್‌ಗಳನ್ನು ಹಳೆಯ ಕಬ್ಬಿಣದ ದೋಣಿಯ ಮೇಲೆ ಹಾಸಿದರೆ ಫ್ಯಾನು, ದೀಪ ಉರಿಯುತ್ತವೆ, ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಅಷ್ಟೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ಭಾರತದ ಮೊದಲ ಸೋಲಾರ್ ಫೆರಿ ಇದು. ಕಟ್ಟಿದ್ದು ಕೊಚ್ಚಿಯ ನವಾಲ್ಟ್ ಕಂಪನಿ, ಓಡಿಸುವುದು ಕೇರಳ ರಾಜ್ಯ ಜಲಸಾರಿಗೆ ಇಲಾಖೆ. ಸೇವೆ ಶುರುವಾದದ್ದು 2017ರ ಜನವರಿಯಲ್ಲಿ. 75 ಪ್ರಯಾಣಿಕರಿಗೆ ಜಾಗ, 20 ಕಿಲೋವಾಟ್‌ನ ಎರಡು ಮೋಟರ್, 50 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. ಸಾಧಾರಣ ವೇಗ ಐದೂವರೆ ನಾಟ್, ಅಂದರೆ ಗಂಟೆಗೆ 10 ಕಿಲೋಮೀಟರ್. ಗರಿಷ್ಠ ಏಳೂವರೆ ನಾಟ್. ದಿನಕ್ಕೆ 22 ಟ್ರಿಪ್, ಒಟ್ಟು 66 ಕಿಲೋಮೀಟರ್. ವಿದ್ಯುತ್ ದೋಣಿಗಳಿಗೆಂದೇ ಇರುವ ಗುಸ್ತಾವ್ ತ್ರೂವೆ ಹೆಸರಿನ ಅಂತರರಾಷ್ಟ್ರೀಯ ಪ್ರಶಸ್ತಿ 2020ರಲ್ಲಿ ಇದಕ್ಕೆ ಬಂತು.

ಪ್ರಯಾಣಿಕರ ಮಟ್ಟಿಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಹಳೆಯ ಡೀಸೆಲ್ ದೋಣಿಯಲ್ಲಿ ಎಂಜಿನ್ ಪಕ್ಕ ಕುಳಿತರೆ ಕಾಲಡಿಯ ಹಲಗೆ ನಡುಗುತ್ತಿರುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ, ದಡ ಬಿಡುವಾಗ ಹೊಗೆ ಮುಖಕ್ಕೇ ಬಡಿಯುತ್ತದೆ. ಇಲ್ಲಿ ಆ ಮೂರೂ ಇಲ್ಲ. ಎರಡು ಒಡಲಿನ ದೋಣಿಯಾದ್ದರಿಂದ ಎಲ್ಲರೂ ಒಂದೇ ಕಡೆ ಎದ್ದು ನಿಂತರೂ ಅಷ್ಟಾಗಿ ವಾಲುವುದಿಲ್ಲ. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು ಹತ್ತಿ ಇಳಿಯುವಾಗ ಈ ಗುಣ ಬಹಳ ದೊಡ್ಡದು. ಕಾಲು ಗಂಟೆ ಚಿಲ್ಲರೆಯಲ್ಲಿ ಆಚೆ ದಡ. ವೈಕಂ ಸತ್ಯಾಗ್ರಹದ ವೇಳೆ, 1925ರ ಮಾರ್ಚ್‌ನಲ್ಲಿ, ಗಾಂಧೀಜಿ ಬಂದಿಳಿದದ್ದೂ ವೈಕಂ ದೋಣಿಕಟ್ಟೆಯಲ್ಲೇ. ಸಮಯವಿದ್ದವರು ಅದನ್ನೂ ನೋಡಿಕೊಂಡು ಬರಬಹುದು. ರೈಲಿನಲ್ಲಿ ಹೋಗುವವರಿಗೆ ಎರ್ನಾಕುಲಂ–ಕೋಟ್ಟಯಂ ದಾರಿಯಲ್ಲಿ ವೈಕಂ ರೋಡ್ ಸ್ಟೇಷನ್ ಇದೆ, ಅಲ್ಲಿಂದ ಬಸ್ಸು. ದೋಣಿ ದುರಸ್ತಿಗೆ ಹೋದಾಗ ಬೇರೆ ದೋಣಿ ಹಾಕುತ್ತಾರೆ, ಹಾಗಾಗಿ ಇದನ್ನೇ ನೋಡಲು ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಲೆಕ್ಕಕ್ಕೆ ಬರೋಣ.

ಐದೂವರೆ ನಾಟ್ ವೇಗದಲ್ಲಿ ಈ ದೋಣಿ ಬೇಡುವ ಶಕ್ತಿ ಸುಮಾರು 16 ಕಿಲೋವಾಟ್. ಮೂರು ಕಿಲೋಮೀಟರಿನ ಒಂದು ಟ್ರಿಪ್‌ಗೆ ನಾಲ್ಕೂವರೆಯಿಂದ ಐದು ಯೂನಿಟ್ ಖರ್ಚು. 22 ಟ್ರಿಪ್‌ಗೆ ಸುಮಾರು 105 ಯೂನಿಟ್. ಒಳ್ಳೆಯ ಬಿಸಿಲಿನ ದಿನ 20 ಕಿಲೋವಾಟ್ ಪ್ಯಾನೆಲ್‌ನಿಂದ ಸಿಗುವುದು ಸುಮಾರು 80 ಯೂನಿಟ್. ಉಳಿದ 25 ಯೂನಿಟ್ ರಾತ್ರಿ ಜೆಟ್ಟಿಯ ಪ್ಲಗ್‌ನಿಂದ ತುಂಬಬೇಕು. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 175 ರೂಪಾಯಿ. ದಿನದ ಇಂಧನ ಖರ್ಚು 180 ರೂಪಾಯಿ ಎಂದು ಸುದ್ದಿಗಳಲ್ಲಿ ಬಂದದ್ದು ಇದೇ ಲೆಕ್ಕಕ್ಕೆ ಕೂಡುತ್ತದೆ. ಇದೇ ದಾರಿಯಲ್ಲಿ ಡೀಸೆಲ್ ದೋಣಿಗೆ ದಿನಕ್ಕೆ ಸುಮಾರು 100 ಲೀಟರ್, ಅಂದರೆ ಲೀಟರ್‌ಗೆ 80 ರೂಪಾಯಿ ಹಿಡಿದರೆ 8,000 ರೂಪಾಯಿ ಆಸುಪಾಸು. 100 ಲೀಟರ್ ಡೀಸೆಲ್ ಉರಿದರೆ ಸುಮಾರು 268 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಅದೂ ಉಳಿಯಿತು.

ಈಗ ಅದೇ ದೋಣಿಯನ್ನು ಏಳೂವರೆ ನಾಟ್‌ಗೆ ಓಡಿಸಿದರೆ? ನೀರಿನಲ್ಲಿ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 16 ಕಿಲೋವಾಟ್ ಇದ್ದದ್ದು 40 ಆಗುತ್ತದೆ. ಎರಡೂ ಮೋಟರ್ ಸೇರಿ ಇರುವ ತಾಕತ್ತೇ ಅಷ್ಟು. ಟ್ರಿಪ್‌ಗೆ ಐದು ಯೂನಿಟ್ ಒಳಗೆ ಮುಗಿಯುತ್ತಿದ್ದ ಖರ್ಚು ಒಂಬತ್ತಕ್ಕೆ ಹತ್ತಿರವಾಗುತ್ತದೆ, ಉಳಿಯುವ ಸಮಯ ನಾಲ್ಕೂವರೆ ನಿಮಿಷ. ಬೆಳಿಗ್ಗೆ ತಡವಾಯಿತೆಂದು ನಾಲ್ಕು ಟ್ರಿಪ್ ಹೀಗೆ ಓಡಿಸಿದರೆ ಸಂಜೆ ಹೊತ್ತಿಗೆ ಬ್ಯಾಟರಿಯಲ್ಲಿ 16 ಯೂನಿಟ್ ಕಡಿಮೆ ಬಿದ್ದಿರುತ್ತದೆ. ಅಂದರೆ ಕೊನೆಯ ಮೂರು ಟ್ರಿಪ್ ಹೋದಂತೆ. ಸೋಲಾರ್ ದೋಣಿಯಲ್ಲಿ ಇಂಧನ ಉಳಿಸುವ ಮೊದಲ ಸಾಧನ ಟೈಮ್‌ಟೇಬಲ್. ದಡದಲ್ಲಿ ಜನ ಹತ್ತಿಸುವುದನ್ನು ಎರಡು ನಿಮಿಷ ಬೇಗ ಮುಗಿಸಿ ನಿಧಾನಕ್ಕೆ ಹೋಗುವುದು ಯಾವಾಗಲೂ ಲಾಭ. ಇದನ್ನು ಸ್ರಾಂಕ್‌ಗೆ (ದೋಣಿ ಓಡಿಸುವವನಿಗೆ) ತಿಳಿಹೇಳುವುದಕ್ಕಿಂತ ಥ್ರಾಟಲ್ (ವೇಗದ ಹಿಡಿ) ಪಕ್ಕದ ಪರದೆಯಲ್ಲಿ ‘ಈಗ ಎಷ್ಟು ಕಿಲೋವಾಟ್’ ಎಂದು ದೊಡ್ಡ ಅಂಕಿಯಲ್ಲಿ ತೋರಿಸುವುದು ಹೆಚ್ಚು ಫಲ ಕೊಡುತ್ತದೆ. ಅಂಕಿ 16 ದಾಟಿದ್ದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

ಒಡಲಿನ ವಿಷಯಕ್ಕೆ ಬಂದರೆ, 20 ಮೀಟರ್ ಉದ್ದದ ದೋಣಿ ಐದೂವರೆ ನಾಟ್‌ನಲ್ಲಿ ಹೋಗುವಾಗ ಅಲೆ ಎಬ್ಬಿಸುವುದು ಬಹಳ ಕಡಿಮೆ. ಒಡಲು ಸಪೂರವಿದ್ದಷ್ಟೂ ಇನ್ನೂ ಕಡಿಮೆ. ಹಿಂದೆ ತಿರುಗಿ ನೋಡಿದರೆ ನೀರು ಹೆಚ್ಚು ಕದಡಿರುವುದಿಲ್ಲ. ಎದ್ದ ಪ್ರತಿ ಅಲೆಯೂ ಬ್ಯಾಟರಿಯಿಂದ ಹೋದ ದುಡ್ಡು ಎಂಬುದನ್ನು ನೆನಪಿಟ್ಟುಕೊಂಡರೆ ಅದರ ಬೆಲೆ ಗೊತ್ತಾಗುತ್ತದೆ. ಅಲೆಯ ತಡೆ ಇಲ್ಲವಾದ ಮೇಲೆ ಉಳಿಯುವುದು ಒಡಲಿನ ಮೈಗೂ ನೀರಿಗೂ ನಡುವಿನ ತಿಕ್ಕಾಟ. ಇಲ್ಲಿಯೇ ನಿರ್ವಹಣೆಯ ಮುಖ್ಯ ಪಾಠವಿದೆ. ಒಡಲಿಗೆ ಪಾಚಿ, ಚಿಪ್ಪು ಹತ್ತಿ ಶಕ್ತಿಯ ಬೇಡಿಕೆ ಶೇ. 10 ಏರಿತು ಎಂದುಕೊಳ್ಳಿ. ಡೀಸೆಲ್ ದೋಣಿಯಲ್ಲಿ 100 ಲೀಟರ್ 110 ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಬಿಸಿಲು ಹೆಚ್ಚಾಗುವುದಿಲ್ಲವಲ್ಲ! ಆ ಹತ್ತು ಯೂನಿಟ್ ಪೂರ್ತಿ ಪ್ಲಗ್‌ನಿಂದಲೇ ಬರಬೇಕು. 25 ಇದ್ದದ್ದು 35 ಆಗುತ್ತದೆ, ಅಂದರೆ ಬಿಲ್ ಶೇ. 40 ಏರುತ್ತದೆ. ಬಿಲ್ ಹೋಗಲಿ, ಸಂಜೆಯ ಟ್ರಿಪ್‌ಗೆ ಬ್ಯಾಟರಿ ಸಾಲದೆ ಬರುವುದು ನಿಜವಾದ ತೊಂದರೆ. ಎರಡು ವಾರಕ್ಕೊಮ್ಮೆ ನೀರಿಗಿಳಿದು ಮೃದುವಾದ ಬ್ರಷ್‌ನಿಂದ ಒಡಲು ಉಜ್ಜಿಸುವ ಕೂಲಿ, ಹೊಸ ಪ್ಯಾನೆಲ್ ಹಾಕಿಸುವುದಕ್ಕಿಂತ ಅಗ್ಗ.

ಕಬ್ಬಿಣದ ದಪ್ಪ ಒಡಲಿಗೆ ಇದೇ ವೇಗಕ್ಕೆ 40 ಕಿಲೋವಾಟ್ ಬೇಕು ಎಂದಿಟ್ಟುಕೊಂಡರೆ ದಿನದ ಬೇಡಿಕೆ 260 ಯೂನಿಟ್‌ಗೆ ಹೋಗುತ್ತದೆ. ಬಿಸಿಲಿನ 80 ಯೂನಿಟ್ ಅದರ ಮೂರರಲ್ಲಿ ಒಂದು ಪಾಲೂ ಅಲ್ಲ. ‘ಇರುವ ದೋಣಿಗೇ ಸೋಲಾರ್ ಕೂರಿಸಿಕೊಡುತ್ತೇವೆ’ ಎಂದು ಬರುವ ಕೊಟೇಶನ್‌ಗಳನ್ನು ಈ ಒಂದು ಅಂಕಿಯಿಂದಲೇ ಅಳೆಯಬಹುದು: ನಿಮ್ಮ ವೇಗದಲ್ಲಿ ದೋಣಿಗೆ ಎಷ್ಟು ಕಿಲೋವಾಟ್ ಬೇಕು? ಉತ್ತರ ಇಲ್ಲದಿದ್ದರೆ ಚಹಾ ಕುಡಿಸಿ ಕಳಿಸಿ.

ಬ್ಯಾಟರಿ ವಿಷಯದಲ್ಲಿ ಆದಿತ್ಯದ ಆಯ್ಕೆ ಸರಿಯಾಗಿದೆ. ಲಿಥಿಯಂ ಬ್ಯಾಟರಿಯ ತೂಕ ಸುಮಾರು 700 ಕಿಲೋ, ಅದನ್ನು ಎರಡು ಒಡಲಿಗೂ ಹಂಚಿದ್ದಾರೆ. ಮನೆಯ ಯುಪಿಎಸ್‌ನಲ್ಲಿರುವಂಥ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಅದರಲ್ಲಿ 40 ಯೂನಿಟ್ ಬಳಸಲು ಸಿಗಬೇಕಾದರೆ 80 ಯೂನಿಟ್ ಸಾಮರ್ಥ್ಯದ್ದು ಬೇಕು, ತೂಕ ಎರಡು ಟನ್ ದಾಟುತ್ತದೆ. ಇಪ್ಪತ್ತು ಜನರನ್ನು ಸದಾ ಹೊತ್ತುಕೊಂಡು ತಿರುಗಿದ ಹಾಗೆ. ಎರಡು ಕಡೆ ಹಂಚುವುದರಿಂದ ಇನ್ನೊಂದು ಅನುಕೂಲವಿದೆ. ಎಡದ ಬ್ಯಾಟರಿ–ಮೋಟರ್, ಬಲದ ಬ್ಯಾಟರಿ–ಮೋಟರ್ ಬೇರೆ ಬೇರೆ ಸರ್ಕಿಟ್ ಆಗಿದ್ದರೆ ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ನಿಧಾನಕ್ಕೆ ದಡ ಸೇರಬಹುದು. ಇಂಥ ದೋಣಿ ಕೊಳ್ಳುವವರು ನಡುನೀರಿನಲ್ಲಿ ಒಂದು ಕಡೆಯ ಐಸೊಲೇಟರ್ (ವಿದ್ಯುತ್ ಕಡಿಯುವ ಸ್ವಿಚ್) ತೆಗೆಸಿ, ಉಳಿದ ಒಂದೇ ಮೋಟರ್‌ನಲ್ಲಿ ಜೆಟ್ಟಿಗೆ ತಂದು ನಿಲ್ಲಿಸಿ ತೋರಿಸಲು ಹೇಳಬೇಕು. ಕಾಗದದಲ್ಲಿ ಬೇರೆ ಬೇರೆ ಎಂದಿದ್ದು ಒಳಗೆ ಒಂದೇ ಕಂಟ್ರೋಲ್ ಫ್ಯೂಸ್‌ಗೆ ಜೋತುಬಿದ್ದಿರುವುದು ಹೀಗೆಯೇ ಹೊರಬೀಳುತ್ತದೆ.

ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಬಿಎಂಎಸ್‌ನ ಒಂದು ಗುಣ ಗೊತ್ತಿರಲಿ. ಯಾವುದೋ ಒಂದು ಸೆಲ್‌ನ ವೋಲ್ಟೇಜ್ ಮಿತಿಗಿಂತ ಕೆಳಗಿಳಿದರೆ ಅದು ಪೂರ್ತಿ ಬ್ಯಾಟರಿಯನ್ನೇ ಕಳಚಿಬಿಡುತ್ತದೆ. ಬ್ಯಾಟರಿಯ ಮಟ್ಟಿಗೆ ಅದು ಸರಿ, ದೋಣಿಯ ಮಟ್ಟಿಗೆ ಅಪಾಯ. ಜೆಟ್ಟಿ ಹತ್ತಿರ ಬಂದಾಗ ಸ್ರಾಂಕ್ ಹಿಮ್ಮುಖಕ್ಕೆ ಜೋರಾಗಿ ಎಳೆಯುತ್ತಾನೆ, ಕರೆಂಟ್ ಒಮ್ಮೆಗೇ ಏರುತ್ತದೆ, ದುರ್ಬಲ ಸೆಲ್ ಕುಸಿಯುತ್ತದೆ, ಬ್ಯಾಟರಿಯನ್ನು ಜೋಡಿಸುವ ಸ್ವಿಚ್ ಆದ ಕಂಟ್ಯಾಕ್ಟರ್ ಟಕ್ ಎಂದು ಬಿಡುತ್ತದೆ. ಬ್ರೇಕ್ ಬೇಕಾದ ಕ್ಷಣದಲ್ಲೇ ಬ್ರೇಕ್ ಇಲ್ಲ. ಕಳಚುವ ಮೊದಲು ಎಚ್ಚರಿಕೆಯ ಗಂಟೆ, ಆಮೇಲೆ ಶಕ್ತಿ ತಗ್ಗಿಸುವುದು, ಕೊನೆಗೆ ಕಳಚುವುದು, ಹೀಗೆ ಮೂರು ಹಂತ ಇರಲೇಬೇಕು. ಸೆಲ್‌ಗಳು ಒಂದಕ್ಕೊಂದು ಹೊಂದಿಕೊಂಡಿರಲು ವಾರಕ್ಕೊಮ್ಮೆಯಾದರೂ ಜೆಟ್ಟಿ ಚಾರ್ಜರ್‌ನಿಂದ ಪೂರ್ತಿ ತುಂಬಿಸಿ ಒಂದೆರಡು ಗಂಟೆ ಹಾಗೇ ಬಿಡಬೇಕು. ದಿನವೂ ಶೇ. 85–90ಕ್ಕೆ ನಿಲ್ಲಿಸುವುದು ಆಯಸ್ಸಿಗೆ ಒಳ್ಳೆಯದೇ, ಆದರೆ ಈ ವಾರದ ತುಂಬಿಕೆಯನ್ನು ಬಿಟ್ಟರೆ ಸೆಲ್‌ಗಳ ಅಂತರ ಬೆಳೆಯುತ್ತಾ ಹೋಗುತ್ತದೆ.

ಪ್ಯಾನೆಲ್‌ಗಳನ್ನು ಚಪ್ಪಟೆಯಾಗಿ ಹಾಸಿರುವುದು ತಪ್ಪಲ್ಲವೇ, ಓರೆ ಇರಬೇಕಲ್ಲವೇ ಎಂದು ಮನೆಯ ಮೇಲೆ ಸೋಲಾರ್ ಹಾಕಿಸಿದವರು ಕೇಳುತ್ತಾರೆ. ವೈಕಂ ಇರುವುದು ಹತ್ತು ಡಿಗ್ರಿ ಅಕ್ಷಾಂಶದೊಳಗೆ. ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುವಲ್ಲಿ ಚಪ್ಪಟೆ ಹಾಸಿದ್ದರಿಂದ ಆಗುವ ನಷ್ಟ ತೀರಾ ಸಣ್ಣದು. ಮೇಲಾಗಿ ದೋಣಿ ಅರ್ಧ ದಿನ ಮೂಡಣಕ್ಕೆ, ಅರ್ಧ ದಿನ ಪಡುವಣಕ್ಕೆ ಮುಖ ಮಾಡಿರುತ್ತದೆ. ಯಾವ ಕಡೆಗೆ ಓರೆ ಕೊಡುವುದು? ಓರೆ ಕೊಟ್ಟರೆ ಗಾಳಿಗೆ ಹಾಯಿ ಕಟ್ಟಿದಂತಾಗುತ್ತದೆ ಬೇರೆ. ಚಪ್ಪಟೆಯ ನಿಜವಾದ ದೋಷ ಎಂದರೆ ನೀರು ನಿಲ್ಲುವುದು ಮತ್ತು ಕೊಳೆ ಕೂರುವುದು. ಮಳೆ ನಿಂತ ಮೇಲೆ ಪ್ರತಿ ಪ್ಯಾನೆಲ್‌ನ ಕೆಳ ಅಂಚಿನಲ್ಲಿ ಬೆರಳಗಲದ ಮಣ್ಣಿನ ಗೆರೆ ಉಳಿಯುತ್ತದೆ, ಅದು ಕೆಳಸಾಲಿನ ಸೆಲ್‌ಗಳನ್ನು ಮುಚ್ಚುತ್ತದೆ. ಮೂರು ಡಿಗ್ರಿಯಷ್ಟು ಇಳಿಜಾರು, ಅಂಚು ಇಲ್ಲದ ಅಥವಾ ನೀರು ಹರಿಯಲು ಗೀರು ಬಿಟ್ಟ ಚೌಕಟ್ಟು ಇದ್ದರೆ ಈ ತಾಪತ್ರಯ ಬಹುಪಾಲು ತಪ್ಪುತ್ತದೆ.

ಕಾಗೆ, ಬೆಳ್ಳಕ್ಕಿ, ನೀರುಕಾಗೆ, ಗಿಡುಗಗಳಿಗೆ ನಿಂತ ದೋಣಿಯ ಚಾವಣಿ ಎಂದರೆ ಪ್ರೀತಿ. ಒಂದು ಹಿಕ್ಕೆ ಒಂದು ಸೆಲ್‌ನ ಮೇಲೆ ಬಿದ್ದು ಒಣಗಿದರೆ ಆ ಸೆಲ್ ಬಿಸಿಯಾಗಿ ಸುಟ್ಟ ಕಲೆ ಬೀಳುವುದೂ ಉಂಟು, ಆ ಸಾಲಿನ ಉತ್ಪಾದನೆಯೂ ಕುಗ್ಗುತ್ತದೆ. ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ, ಸಿಹಿನೀರಿನಲ್ಲಿ, ಉದ್ದ ಹಿಡಿಯ ಮೆತ್ತನೆ ಮಾಪ್‌ನಿಂದ. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಎರಚಬಾರದು. ಕೈಗೆ ಸಿಗುತ್ತದೆಂದು ಹಿನ್ನೀರನ್ನೇ ಬಕೆಟ್‌ನಲ್ಲಿ ಎತ್ತಿ ಸುರಿಯಬಾರದು, ಬೇಸಿಗೆಯಲ್ಲಿ ಅದು ಉಪ್ಪು. ಪ್ಯಾನೆಲ್‌ಗಳನ್ನು ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ತುಂಬಿದ ಚಾವಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ತೊಳೆಯುವ ಹುಡುಗ ಪ್ಯಾನೆಲ್ ಮೇಲೇ ನಡೆಯುತ್ತಾನೆ, ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಎರಡು ಪ್ಯಾನೆಲ್ ಕಡಿಮೆಯಾದರೂ ಪರವಾಗಿಲ್ಲ, ನಡುವೆ ಒಂದಡಿ ಅಗಲದ ಓಡಾಟದ ಪಟ್ಟಿ ಬಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಜಾಹೀರಾತಿನ ಕಿಲೋವಾಟ್ ಅಂಕಿಗಾಗಿ ಈ ಪಟ್ಟಿಯನ್ನು ನುಂಗಿಹಾಕುವವರೇ ಹೆಚ್ಚು.

ನಡು ಮಧ್ಯಾಹ್ನ ಪ್ಯಾನೆಲ್ 60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ನಷ್ಟ, ಅಂದರೆ ಶೇ. 14. ಚಾವಣಿಗೂ ಪ್ಯಾನೆಲ್‌ಗೂ ನಡುವೆ ನಾಲ್ಕು ಬೆರಳು ಗಾಳಿ ಆಡುವಂತಿದ್ದರೆ, ಚಲಿಸುವ ದೋಣಿಯಾದ್ದರಿಂದ ಇದರಲ್ಲಿ ಒಂದಿಷ್ಟು ವಾಪಸ್ ಸಿಗುತ್ತದೆ. ಅಂಟಿನಿಂದ ಚಾವಣಿಗೇ ಮೆತ್ತುವ ಬಗ್ಗುವ ಪ್ಯಾನೆಲ್‌ಗಳಲ್ಲಿ ಸಿಗುವುದಿಲ್ಲ, ಕೆಳಗೆ ಕುಳಿತವರ ತಲೆಯೂ ಕಾಯುತ್ತದೆ. ನೆರಳಿನ ಬಗ್ಗೆ ಒಂದು ಮಾತು: ದೀಪದ ಕಂಬ, ಹಾರ್ನ್, ಧ್ವಜದ ಕೋಲು ಚಾವಣಿಯ ನಡುವೆ ನೆಟ್ಟರೆ ಅದರ ನೆರಳು ದಿನವಿಡೀ ಒಂದೊಂದು ಸಾಲಿನ ಮೇಲೆ ಬೀಳುತ್ತ ಹೋಗುತ್ತದೆ. ಒಂದೇ ದೊಡ್ಡ ಎಂಪಿಪಿಟಿ (ಪ್ಯಾನೆಲ್‌ನಿಂದ ಸಿಗುವಷ್ಟೂ ಶಕ್ತಿ ಎಳೆದು ಬ್ಯಾಟರಿಗೆ ತುಂಬುವ ಸಾಧನ) ಬದಲು ನಾಲ್ಕಾರು ಸಣ್ಣವು ಇದ್ದರೆ ನಷ್ಟ ಆ ಸಾಲಿಗಷ್ಟೇ ಸೀಮಿತವಾಗುತ್ತದೆ.

ಹೆಚ್ಚು ಕಾಡುವುದು ಪ್ಯಾನೆಲ್ ಅಲ್ಲ, ಅದರ ಹಿಂದೆ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್. ಬೇರೆ ಬೇರೆ ಕಂಪನಿಯ ಗಂಡು–ಹೆಣ್ಣು ಪಿನ್‌ಗಳನ್ನು ಜೋಡಿಸಿದರೆ ಕೂರುತ್ತವೆ, ಆದರೆ ಬಿಗಿಯಾಗಿ ಅಲ್ಲ. ಕೇಬಲ್ ಕ್ಲಿಪ್ ಹಾಕದೆ ಚಾವಣಿಯ ಮೇಲೆ ಹಾಗೇ ಬಿಟ್ಟರೆ ನಿಂತ ನೀರಿನಲ್ಲಿ ಮುಳುಗಿರುತ್ತದೆ. ಬಿಚ್ಚಿ ನೋಡಿದರೆ ಪಿನ್‌ಗೆ ಹಸಿರು ಕಿಲುಬು ಹಿಡಿದು, ಪ್ಲಾಸ್ಟಿಕ್ ಕಂದಾಗಿ ಮೃದುವಾಗಿರುತ್ತದೆ. ಬೆಂಕಿಗೆ ಇನ್ನೊಂದೇ ಹೆಜ್ಜೆ. ಇದರ ಮುನ್ಸೂಚನೆ ಮಳೆಗಾಲದಲ್ಲಿ ಸಿಗುತ್ತದೆ: ಬೆಳಿಗ್ಗೆ ‘ಇನ್ಸುಲೇಶನ್ ಫಾಲ್ಟ್’ (ವಿದ್ಯುತ್ ಸೋರಿಕೆ) ಎಂದು ಚಾರ್ಜಿಂಗ್ ನಿಂತುಬಿಡುತ್ತದೆ, ಹನ್ನೊಂದು ಗಂಟೆಗೆ ಬಿಸಿಲಿಗೆ ಒಣಗಿದ ಮೇಲೆ ತಾನೇ ಸರಿಹೋಗುತ್ತದೆ. ಸರಿಹೋಯಿತೆಂದು ರೀಸೆಟ್ ಮಾಡುತ್ತಾ ಕೂರುವವರು ಬಹಳ. ಆ ದಿನವೇ ಒಂದೊಂದು ಸಾಲನ್ನೂ ಬೇರ್ಪಡಿಸಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ, ಒಂದು ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಸಾಲಿನ ಕನೆಕ್ಟರ್‌ಗಳನ್ನು ಬದಲಿಸಬೇಕು. ಬೇಸಿಗೆಯಲ್ಲಾದರೆ ನಡು ಮಧ್ಯಾಹ್ನ ಕ್ಲಾಂಪ್ ಮೀಟರ್‌ನಿಂದ ಎಲ್ಲ ಸಾಲುಗಳ ಕರೆಂಟ್ ಅಳೆದು, ಉಳಿದವುಗಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ ತೋರಿದ್ದನ್ನು ಹಿಡಿಯಬಹುದು. ತಿಂಗಳಿಗೊಮ್ಮೆ, ಅರ್ಧ ಗಂಟೆಯ ಕೆಲಸ.

ನೀರಿನೊಳಗೆ ಎರಡು ಶತ್ರುಗಳು. ಒಂದು ಅಂತರಗಂಗೆ. ಮಳೆಗಾಲ ಮುಗಿದು ನೀರು ಇನ್ನೂ ಸಿಹಿ ಇರುವಾಗ ವೇಂಬನಾಡಿನಲ್ಲಿ ಅದು ಚಾಪೆಯಂತೆ ತೇಲಿಬರುತ್ತದೆ, ಉಪ್ಪುನೀರು ಏರಿದ ಮೇಲೆ ಸಾಯುತ್ತದೆ. ವಿದ್ಯುತ್ ಮೋಟರ್‌ಗೆ ನಿಧಾನದಲ್ಲೂ ಪೂರ್ಣ ತಿರುಚುಬಲ ಇರುವುದರಿಂದ ಬೇರು ಸುತ್ತಿಕೊಂಡರೂ ಡೀಸೆಲ್‌ನಂತೆ ಕೆಮ್ಮಿ ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ. ಹಾಗಾಗಿ ಗೊತ್ತಾಗುವುದು ತಡ. ಅದೇ ಆರ್‌ಪಿಎಂನಲ್ಲಿ ಕರೆಂಟ್ ಏರಿದ್ದು ಕಂಡರೆ ಪ್ರೊಪೆಲರ್‌ಗೆ ಏನೋ ಸುತ್ತಿದೆ ಎಂದೇ ಅರ್ಥ. ಥ್ರಾಟಲ್ ಸೊನ್ನೆಗೆ ತಂದು, ಒಂದೆರಡು ಸೆಕೆಂಡ್ ಬಿಟ್ಟು, ಹಿಮ್ಮುಖಕ್ಕೆ ಹತ್ತು ಸೆಕೆಂಡ್ ಓಡಿಸಿದರೆ ಬಹುತೇಕ ಬಿಚ್ಚಿಕೊಳ್ಳುತ್ತದೆ. ಮೀನುಬಲೆಯ ನೈಲಾನ್ ಆದರೆ ಈ ಉಪಾಯ ನಡೆಯದು, ಇನ್ನೂ ಬಿಗಿಯುತ್ತದೆ, ಶಾಫ್ಟ್ ಸೀಲ್ ಹೋಗುತ್ತದೆ. ಆ ಮೋಟರ್ ನಿಲ್ಲಿಸಿ ಇನ್ನೊಂದರಲ್ಲಿ ದಡಕ್ಕೆ ಬರುವುದೇ ಸರಿ.

ಎರಡನೆಯದು ಲೋಹದ ಸವೆತ. ವೈಕಂ ಇರುವುದು ಉಪ್ಪುನೀರು ತಡೆಯಲು ವೇಂಬನಾಡಿಗೆ ಅಡ್ಡ ಕಟ್ಟಿರುವ ತಣ್ಣೀರ್‌ಮುಕ್ಕಂ ಬಂಡ್‌ನ ಉತ್ತರಕ್ಕೆ, ಕೊಚ್ಚಿ ಅಳಿವೆಯ ಕಡೆ. ಬೇಸಿಗೆಯಲ್ಲಿ ಇಲ್ಲಿ ಉಪ್ಪು, ಮಳೆಗಾಲದಲ್ಲಿ ಸಿಹಿ. ದೋಣಿಯ ಲೋಹದ ಭಾಗಗಳ ಬದಲು ತಾನು ಸವೆಯಲೆಂದು ಒಂದು ಲೋಹದ ತುಂಡು, ಅಂದರೆ ಆನೋಡ್, ಕಟ್ಟುತ್ತಾರೆ. ಸಮುದ್ರಕ್ಕೆ ಹಾಕುವ ಸತುವಿನ ಆನೋಡ್ ಸಿಹಿನೀರಿನಲ್ಲಿ ಮೇಲೆ ಪೊರೆಗಟ್ಟಿ ಕೆಲಸ ನಿಲ್ಲಿಸುತ್ತದೆ. ಇಂಥ ಎಡೆಯಲ್ಲಿ ಅಲ್ಯೂಮಿನಿಯಂ ಆನೋಡ್ ಹಾಕಬೇಕು. ಜೆಟ್ಟಿಯ ಚಾರ್ಜರ್‌ಗೆ ದಡದ ವಿದ್ಯುತ್ತಿನಿಂದ ದೋಣಿಯನ್ನು ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಅರ್ಥ್ ವೈರ್ ಮೂಲಕವೇ ಸಣ್ಣ ಕರೆಂಟ್ ಹರಿದು ರಾತ್ರಿಯಿಡೀ ಆನೋಡ್ ತಿನ್ನುತ್ತದೆ. ವರ್ಷ ಬರಬೇಕಾದ್ದು ಮೂರು ತಿಂಗಳಿಗೇ ಕರಗಿದ್ದರೆ ಹುಡುಕಬೇಕಾದ್ದು ಅಲ್ಲಿ.

ಜೂನ್–ಜುಲೈ ಈ ವ್ಯವಸ್ಥೆಯ ಅಗ್ನಿಪರೀಕ್ಷೆ, ನೀರಿನ ಪರೀಕ್ಷೆ ಎಂದರೂ ಸರಿ. ಕಾರ್ಮೋಡ ಕವಿದ ದಿನ ಪ್ಯಾನೆಲ್‌ನಿಂದ 25 ಯೂನಿಟ್ ಬಂದರೆ ಹೆಚ್ಚು. ಬ್ಯಾಟರಿಯಲ್ಲಿ ಬಳಸಬಹುದಾದ್ದು 40. ಒಟ್ಟು 65 ಯೂನಿಟ್, ಹದಿಮೂರು–ಹದಿನಾಲ್ಕು ಟ್ರಿಪ್‌ಗೆ ಮುಗಿಯಿತು. ಉಳಿದ ಎಂಟು ಟ್ರಿಪ್‌ಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ಲಗ್ ಹಾಕಲೇಬೇಕು. ಎರಡು ಗಂಟೆಯಲ್ಲಿ 40 ಯೂನಿಟ್ ತುಂಬಬೇಕಾದರೆ 20 ಕಿಲೋವಾಟ್ ಚಾರ್ಜರ್, ಅದಕ್ಕೆ ಮೂರು ಫೇಸ್ ಸಂಪರ್ಕ, ಮಳೆಯಲ್ಲಿ ನೆನೆಯದ ಪ್ಲಗ್ ಜಾಗ. ದೋಣಿಗೆ ಕೋಟಿ ಕೊಟ್ಟು ಜೆಟ್ಟಿಯಲ್ಲಿ 15 ಆಂಪಿಯರ್ ಸಾಕೆಟ್ ಬಿಟ್ಟರೆ ಮಳೆಗಾಲದಲ್ಲಿ ದೋಣಿ ಕಟ್ಟಿಯೇ ಇರುತ್ತದೆ. ಹಗುರ ದೋಣಿ, ದೊಡ್ಡ ಚಾವಣಿ ಆಗಿರುವುದರಿಂದ ಮುಂಗಾರಿನ ಅಡ್ಡಗಾಳಿಗೆ ಪಕ್ಕಕ್ಕೆ ಜಾರುವುದೂ ಇದೆ. ದೂರ ದೂರ ಇರುವ ಎರಡು ಮೋಟರ್‌ಗಳಲ್ಲಿ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಓಡಿಸಿ ನಿಂತಲ್ಲೇ ತಿರುಗಿಸಬಹುದಾದ್ದರಿಂದ ನಿಭಾಯಿಸಬಹುದು. ಜೆಟ್ಟಿಗೆ ತಾಗುವಲ್ಲಿ ಹಳೆಯ ಟೈರ್ ಧಾರಾಳವಾಗಿ ಕಟ್ಟಿ. ಎಫ್‌ಆರ್‌ಪಿಯ ಮೇಲ್ಪದರ ಬಿರಿದರೆ ನೀರು ಒಳಗೆ ಇಂಗಿ ತೂಕ ಕೂಡುತ್ತದೆ, ತೂಕ ಕೂಡಿದರೆ ಮತ್ತೆ ಮೊದಲಿನ ಲೆಕ್ಕವೇ.

ಇನ್ನು ಆ 180 ರೂಪಾಯಿ. ಅಂಕಿ ನಿಜ, ಆದರೆ ಪೂರ್ತಿ ಅಲ್ಲ. ಬ್ಯಾಟರಿಯ ಸವಕಳಿ ಅದರಲ್ಲಿಲ್ಲ. ಯೂನಿಟ್ ಸಾಮರ್ಥ್ಯಕ್ಕೆ 25,000 ರೂಪಾಯಿಯಂತೆ 50 ಯೂನಿಟ್‌ಗೆ ಹನ್ನೆರಡೂವರೆ ಲಕ್ಷ, ಏಳು ವರ್ಷ ಬಾಳಿಕೆ ಎಂದು ಹಿಡಿದರೆ ದಿನಕ್ಕೆ 490 ರೂಪಾಯಿ. ಸೇರಿಸಿದರೆ 670. ಡೀಸೆಲ್‌ನ 8,000ಕ್ಕೆ ಹೋಲಿಸಿದರೆ ಇದೂ ಹತ್ತನೇ ಒಂದು ಪಾಲಿಗಿಂತ ಕಡಿಮೆ. ವರ್ಷಕ್ಕೆ 330 ದಿನ ಓಡಿದರೆ ಉಳಿತಾಯ 24 ಲಕ್ಷ. ಹೀಗಿರುವಾಗ 180 ಎಂದು ಚಪ್ಪಾಳೆ ಗಿಟ್ಟಿಸುವ ಬದಲು 670 ಎಂದೇ ಹೇಳಿದ್ದರೆ, ಏಳು ವರ್ಷದ ನಂತರ ಬ್ಯಾಟರಿಗೆ ದುಡ್ಡು ಕೇಳುವಾಗ ಹಣಕಾಸಿನವರು ಹುಬ್ಬೇರಿಸುವುದಿಲ್ಲ.

ಇದೇ ನೀರಿನಲ್ಲಿ ಹೋಲಿಸಲು ಕೊಚ್ಚಿ ವಾಟರ್ ಮೆಟ್ರೊ ಇದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಅದರ ದೋಣಿಗಳು ಕೊಚ್ಚಿನ್ ಶಿಪ್‌ಯಾರ್ಡ್‌ನವು. 100 ಜನ, ಎಂಟು ನಾಟ್, ಜೆಟ್ಟಿಯಲ್ಲಿ ಹತ್ತು–ಹದಿನೈದು ನಿಮಿಷದಲ್ಲಿ ತುಂಬುವ ಎಲ್‌ಟಿಒ (ಲಿಥಿಯಂ ಟೈಟನೇಟ್) ಬ್ಯಾಟರಿ, ತುರ್ತಿಗೆ ಡೀಸೆಲ್ ಜನರೇಟರ್. ಅಲ್ಲಿ ಚಾವಣಿಯನ್ನು ನೆಚ್ಚಿಕೊಂಡಿಲ್ಲ, ದಡದ ಚಾರ್ಜರ್‌ಗೆ ದುಡ್ಡು ಹಾಕಿದ್ದಾರೆ. ಐದು ನಿಮಿಷಕ್ಕೊಂದು ದೋಣಿ ಬೇಕಾದ, ಗಟ್ಟಿ ವಿದ್ಯುತ್ ಸಂಪರ್ಕ ಸಿಗುವ ಪೇಟೆಗೆ ಅದು ಸರಿ. ಕೊನೆಯ ಕಂಬದಲ್ಲಿ ವೋಲ್ಟೇಜ್ ಕುಸಿಯುವ ಹಳ್ಳಿಯ ಜೆಟ್ಟಿಗೆ ಆದಿತ್ಯದ ದಾರಿಯೇ ವಾಸಿ.

ದೊಡ್ಡ ಹಡಗುಗಳ ಕಥೆ ಬೇರೆ. ಜಪಾನಿನ ‘ಆರಿಗಾ ಲೀಡರ್’ ಎಂಬ ಕಾರು ಸಾಗಿಸುವ ಹಡಗಿನ ಮೇಲೆ 2008ರಲ್ಲಿ 328 ಪ್ಯಾನೆಲ್ ಹಾಕಿದರು. ಸಿಕ್ಕಿದ್ದು 40 ಕಿಲೋವಾಟ್. ಸಾವಿರಾರು ಕಿಲೋವಾಟ್‌ನ ಎಂಜಿನ್ ಮುಂದೆ ಅದು ಎಣಿಕೆಗೇ ಇಲ್ಲ. 2012ರ ‘ಎಮರಾಲ್ಡ್ ಏಸ್’ನವರು ಇನ್ನೂ ಜಾಣತನದಿಂದ ಯೋಚಿಸಿದರು: 160 ಕಿಲೋವಾಟ್ ಪ್ಯಾನೆಲ್, 2,200 ಯೂನಿಟ್ ಬ್ಯಾಟರಿ, ಪ್ರಯಾಣದಲ್ಲಿ ತುಂಬಿಸಿಕೊಂಡು ಬಂದರಿನಲ್ಲಿ ನಿಂತಾಗ ಡೀಸೆಲ್ ಜನರೇಟರ್ ಆರಿಸುವುದು. ಬರೀ ಬಿಸಿಲಿನಲ್ಲಿ 2010–12ರಲ್ಲಿ ಭೂಮಿ ಸುತ್ತಿದ ‘ಪ್ಲಾನೆಟ್ ಸೋಲಾರ್’ಗೆ 537 ಚದರ ಮೀಟರ್ ಪ್ಯಾನೆಲ್ ಇತ್ತು, ಅದರ ಸರಾಸರಿ ವೇಗವೂ ಐದು ನಾಟ್ ಆಸುಪಾಸೇ.

ಕರ್ನಾಟಕದಲ್ಲಿ ಎಲ್ಲಿಗೆ ಹೊಂದುತ್ತದೆ? ಸಿಗಂದೂರಿನ ಶರಾವತಿ ಹಿನ್ನೀರು ಇದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು; 2025ರ ಜುಲೈನಲ್ಲಿ ಸೇತುವೆ ಬಂದ ಮೇಲೆ ಲಾಂಚ್‌ನ ಅಗತ್ಯ ತಗ್ಗಿತು, ಅಲ್ಲಿ ವಾಹನ ಹೊರುವ ತೂಕದ ಪ್ರಶ್ನೆಯೂ ಇತ್ತು. ಮಂಗಳೂರಿನ ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ದಾಟುದಾರಿ ತೀರಾ ಚಿಕ್ಕದು, 20 ಕಿಲೋವಾಟ್ ಕೂಡ ಬೇಡ. ನೇತ್ರಾವತಿ–ಗುರುಪುರ ನದಿಗಳಲ್ಲಿ ವಾಟರ್ ಮೆಟ್ರೊ ಮಾಡುವ ಪ್ರಸ್ತಾವ ಇದೆ, ಅದರ ಕವಲು ದಾರಿಗಳಿಗೆ ಆದಿತ್ಯದ ಅಳತೆ ಸರಿಹೊಂದುತ್ತದೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಮಾತ್ರ ಬೇಡ. ಅದು ತೆರೆದ ಕಡಲು, ಹಗುರ ಒಡಲು ಅಲೆಗೆ ಬಡಿದುಕೊಳ್ಳುತ್ತದೆ, ಚಾವಣಿ ಗಾಳಿ ಹಿಡಿಯುತ್ತದೆ.

ಟೆಂಡರ್ ಬರೆಯುವವರಿಗೆ ಒಂದು ಸಲಹೆ. ‘20 ಕಿಲೋವಾಟ್ ಪ್ಯಾನೆಲ್’ ಎಂದು ಬರೆಯುವ ಬದಲು ‘75 ಜನರ ತೂಕಕ್ಕೆ ಸಮನಾದ ಮರಳುಚೀಲ, ಅಂದರೆ ಐದೂವರೆ ಟನ್ ಹೇರಿ, ಒಂದೇ ಗೆರೆಯಲ್ಲಿ ಹೋಗುವಾಗ ಮತ್ತು ಬರುವಾಗ ಅಳೆದ ಸರಾಸರಿಯಲ್ಲಿ, ಐದೂವರೆ ನಾಟ್‌ಗೆ 17 ಕಿಲೋವಾಟ್ ಮೀರಬಾರದು’ ಎಂದು ಬರೆಯಿರಿ. ಅಳತೆ ಬ್ಯಾಟರಿಯ ಕೇಬಲ್‌ನಲ್ಲಿ ಆಗಬೇಕು, ಮೋಟರ್ ತುದಿಯಲ್ಲಿ ಅಲ್ಲ. ವೇಗ ಜಿಪಿಎಸ್‌ನಿಂದ, ಗಾಳಿ ಕಡಿಮೆ ಇರುವ ಬೆಳಗ್ಗೆ. ಆರು ತಿಂಗಳ ನಂತರ ಒಡಲು ತೊಳೆದು ಅದೇ ಪರೀಕ್ಷೆ ಮತ್ತೊಮ್ಮೆ, ಕೊನೆಯ ಕಂತು ಅದಾದ ಮೇಲೆ.